ಕತ್ತಲಾದಾಗ ಕೈಕೊಡುವ ಸೌರ ಫಲಕ

2021ರ ಆಗಸ್ಟ್ 29ರಂದು ಐಡಾ ಚಂಡಮಾರುತ ಅಮೆರಿಕದ ಲೂಸಿಯಾನಾ ರಾಜ್ಯಕ್ಕೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರಕ್ಕೆ ವಿದ್ಯುತ್ ತರುವ ಎಂಟೂ ಪ್ರಸರಣ ಮಾರ್ಗಗಳು ಅಂದೇ ಸ್ಥಗಿತಗೊಂಡವು. 2005ರ ಕತ್ರಿನಾ ದುರಂತದ ಬಳಿಕ ಬಲಪಡಿಸಿದ ತಡೆಗೋಡೆಗಳು ಈ ಬಾರಿ ನೀರನ್ನೇನೋ ತಡೆದವು. ಆದರೆ ಫ್ಯಾನು, ಏಸಿ ನಿಂತ ಮನೆಗಳೊಳಗಿನ ಸೆಕೆಯನ್ನು ತಡೆಯುವವರಿರಲಿಲ್ಲ. ಆ ನಗರದಲ್ಲಿ ಐಡಾಕ್ಕೆ ಸಂಬಂಧಿಸಿದ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಗಾಳಿಯೂ ಅಲ್ಲ, ನೀರೂ ಅಲ್ಲ; ನಂತರದ ದಿನಗಳ ಧಗೆ.

ಈ ಅನುಭವದಿಂದ ಹುಟ್ಟಿದ್ದೇ ‘ಕಮ್ಯುನಿಟಿ ಲೈಟ್‌ಹೌಸ್’ ಯೋಜನೆ. ಅಲ್ಲಿನ ನಾಗರಿಕ ಒಕ್ಕೂಟವೊಂದು ಚರ್ಚು, ಆರೋಗ್ಯ ಕೇಂದ್ರ, ಸಮುದಾಯ ಭವನಗಳ ಮೇಲೆ ಸೌರ ಫಲಕ ಹಾಕಿ, ಕೆಳಗೆ ಬ್ಯಾಟರಿ ಇರಿಸುತ್ತಿದೆ. ಯಾವ ನಿವಾಸಿಗೂ ಹದಿನೈದು ನಿಮಿಷದ ನಡಿಗೆಯಲ್ಲಿ ಇಂಥದೊಂದು ಕೇಂದ್ರ ಸಿಗಬೇಕೆಂಬುದು ಗುರಿ. 2024ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ್ ಚಂಡಮಾರುತ ಬಂದಾಗ ಸಿದ್ಧವಾಗಿದ್ದ ಕೇಂದ್ರಗಳು ಬಾಗಿಲು ತೆರೆದವು. ಮೊಬೈಲ್ ಚಾರ್ಜಿಂಗ್, ತಂಪಾದ ಕೊಠಡಿ, ಔಷಧಿಗೆ ಫ್ರಿಜ್, ಇಷ್ಟೇ ಸೌಲಭ್ಯ. ಇನ್ಸುಲಿನ್ ಅವಲಂಬಿಸಿದವರಿಗೆ ಇದಕ್ಕಿಂತ ದೊಡ್ಡ ನೆರವು ಬೇರಿಲ್ಲ.

ಬ್ಯಾಟರಿ ಏಕೆ ಬೇಕು?

ಚಾವಣಿಯ ಮೇಲೆ ಫಲಕವಿದ್ದರೆ ಕರೆಂಟ್ ಹೋದರೂ ಬೆಳಕಿರುತ್ತದೆ ಎಂಬುದು ಜನರ ಸಾಮಾನ್ಯ ನಂಬಿಕೆ. ಅದು ನಿಜವಲ್ಲ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಗ್ರಿಡ್ ನಿಂತೊಡನೆ ತಾನೂ ನಿಲ್ಲುತ್ತದೆ. ಲೈನ್ ದುರಸ್ತಿಗೆ ಕಂಬ ಹತ್ತಿದ ಸಿಬ್ಬಂದಿಯ ಜೀವರಕ್ಷಣೆಗಾಗಿ ಮಾಡಿದ ವ್ಯವಸ್ಥೆ ಇದು. ಹಾಗಾಗಿ ನೆತ್ತಿಯ ಮೇಲೆ ಸೂರ್ಯನಿದ್ದರೂ ಕಟ್ಟಡ ಕತ್ತಲಲ್ಲಿರುತ್ತದೆ. ಗ್ರಿಡ್‌ನಿಂದ ಬೇರ್ಪಟ್ಟು ಕೆಲಸ ಮಾಡಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಇದ್ದರೆ ಮಾತ್ರ ಫಲಕ ಆಪತ್ಕಾಲಕ್ಕೆ ಒದಗುತ್ತದೆ.

ಈ ವ್ಯತ್ಯಾಸ ಕರ್ನಾಟಕಕ್ಕೂ ಮುಖ್ಯ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಬೆಳಗಾವಿಯಲ್ಲಿ ನೆರೆ ಬಂದಾಗ ಸಂತ್ರಸ್ತರು ರಾತ್ರಿ ಕಳೆದದ್ದು ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪಗಳಲ್ಲಿ. ಕಂಬಗಳು ಉರುಳುವುದು ಅಂಥ ದಿನಗಳಲ್ಲೇ. ಆದರೆ ನಮ್ಮ ಸೌರ ನೀತಿಯ ಒತ್ತು ಬಿಲ್ ಉಳಿತಾಯದ ಮೇಲಿದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಮನೆಗಳಿಗಾಗಿ, ಅದೂ ಫಲಕದ ಕಿಲೋವ್ಯಾಟ್ ಲೆಕ್ಕದಲ್ಲಿ.

ಲೆಕ್ಕ ದೊಡ್ಡದೇನಲ್ಲ

ಒಂದು ಬಡಾವಣೆಯ ಭವನಕ್ಕೆ ಎಷ್ಟು ಬೇಕು? 10 ವ್ಯಾಟ್‌ನ 10 ಎಲ್‌ಇಡಿ ದೀಪ, 75 ವ್ಯಾಟ್‌ನ 8 ಫ್ಯಾನ್ 12 ಗಂಟೆ ಓಡಿದರೆ ಸುಮಾರು 8.5 ಯೂನಿಟ್. ಅರವತ್ತು ಮೊಬೈಲ್‌ಗಳ ಚಾರ್ಜಿಂಗ್ ಮತ್ತು ಒಂದು ಚಿಕ್ಕ ಫ್ರಿಜ್ ಸೇರಿದರೆ ರಾತ್ರಿಗೆ 10 ಯೂನಿಟ್. ಕಡಿಮೆ ವಿದ್ಯುತ್ ಬಳಸುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಅದು 6ಕ್ಕಿಳಿಯುತ್ತದೆ. ಬಿಸಿಲಿನ ದಿನ 5 ಕಿಲೋವ್ಯಾಟ್ ಫಲಕ ಸುಮಾರು 20 ಯೂನಿಟ್ ಕೊಡಬಲ್ಲದು. ಅಂದರೆ ಬ್ಯಾಟರಿ ದೊಡ್ಡದು ಕೊಳ್ಳುವ ಮೊದಲು ಫ್ಯಾನು ಬದಲಿಸುವುದೇ ಜಾಣತನ.

ಆದರೆ ನ್ಯೂ ಆರ್ಲಿಯನ್ಸ್ ಮಾದರಿಯನ್ನು ಹಾಗೆಯೇ ನಕಲು ಮಾಡುವಂತಿಲ್ಲ. ಅಲ್ಲಿ ಚಂಡಮಾರುತ ಸರಿದ ಮರುದಿನ ಬಿಸಿಲು ಬೀಳುತ್ತದೆ. ಮಲೆನಾಡಿನಲ್ಲಿ ವಾರಗಟ್ಟಲೆ ಮೋಡ ಕವಿದಿರುತ್ತದೆ. ಆಗ ಫಲಕದ ಉತ್ಪಾದನೆ ತೀರಾ ಕುಸಿಯುತ್ತದೆ. ಅಲ್ಲಿ ಸಣ್ಣ ಡೀಸೆಲ್ ಜನರೇಟರ್ ಜೊತೆಗಿರಲೇಬೇಕು. ದಿನವಿಡೀ ಓಡುವ ಬದಲು ಒಂದೆರಡು ಗಂಟೆ ಓಡಿ ಬ್ಯಾಟರಿ ತುಂಬಿಸಿದರೆ ಡೀಸೆಲ್ ಉಳಿಯುತ್ತದೆ, ರಸ್ತೆ ಕಡಿದಾಗ ಅದೇ ದೊಡ್ಡ ಆಸರೆ.

ನಿಜವಾದ ಪರೀಕ್ಷೆ ನಿರ್ವಹಣೆಯದು

ಸೌರ ಬೀದಿದೀಪ ಉದ್ಘಾಟನೆಯಾಗಿ, ಬ್ಯಾಟರಿ ಸತ್ತು, ಕಂಬ ಮಾತ್ರ ಉಳಿದ ದೃಶ್ಯ ನಮ್ಮ ಊರುಗಳಿಗೆ ಹೊಸದಲ್ಲ. ಭವನಕ್ಕೆ ಇನ್ನೊಂದು ಅಪಾಯವೂ ಇದೆ. ಮದುವೆಯ ರಾತ್ರಿ ಸೀರಿಯಲ್ ದೀಪ, ಮೈಕಿಗೆ ಬ್ಯಾಟರಿ ಬರಿದಾಗಿ, ಮರುದಿನ ನೆರೆ ಬಂದರೆ ಏನು ಗತಿ? ದೀಪ, ಫ್ಯಾನ್, ಫ್ರಿಜ್‌ಗೆ ಪ್ರತ್ಯೇಕ ವೈರಿಂಗ್ ಇರಬೇಕು. ಮಳೆಗಾಲದಲ್ಲಿ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಬಾರದೆಂಬ ನಿಯಮ ಬೇಕು. ಕೀಲಿ ಯಾರ ಬಳಿ, ತಪಾಸಣೆ ಯಾರ ಹೊಣೆ ಎಂಬುದು ಗೋಡೆಯ ಮೇಲೆ ಬರೆದಿರಬೇಕು. ಬಾಡಿಗೆ ಹಣದ ಒಂದು ಪಾಲು ಬ್ಯಾಟರಿ ಬದಲಾವಣೆಗೆ ಮೀಸಲಾಗಬೇಕು.

ಸಮುದಾಯ ಭವನಗಳಿಗೆ ಅನುದಾನ ಮಂಜೂರು ಮಾಡುವಾಗ ಶಾಸಕರು ವೇದಿಕೆಯ ಅಳತೆ ಕೇಳುತ್ತಾರೆ, ಅಡುಗೆಮನೆಯ ಅಳತೆ ಕೇಳುತ್ತಾರೆ. ಕರೆಂಟ್ ಹೋದ ರಾತ್ರಿ ಈ ಕಟ್ಟಡ ಎಷ್ಟು ಗಂಟೆ ಬೆಳಗುತ್ತದೆ ಎಂಬ ಪ್ರಶ್ನೆಯನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸುವ ಕಾಲ ಬಂದಿದೆ.