ಕಂಬಳಿ ನಮ್ಮದು, ಕಾಲುವೆ ಯಾರದು?

"ಆಸ್ತಿ ಹಂಚ್ರಿ ಅಂತ ಭಾಷಣಾ ಹೊಡೀತೀರಲ್ಲ, ಮೊದಲ ನಿಮ್ಮ ಸೈಕಲ್ ಹಂಚ್ರಿ, ನೋಡೂಣು." ಗೋಕಾಕದ ಚಹಾದಂಗಡಿಯಿಂದ ಹುಕ್ಕೇರಿಯ ಸಂತೆಯವರೆಗೆ ನಮಗೆ ಎದುರಾಗುವ ಮಾತು ಇದೇ. ಉಳ್ಳವರು ಆಡಿದರೆ ಅಚ್ಚರಿಯಿಲ್ಲ. ನಮ್ಮ ಕೇರಿಯ ಹಿರಿಯರೂ ಆಡುತ್ತಾರೆ: "ಅವರ ಹೊಲಾ ಕೇಳಾಕ ಹೋದ್ರ ನಮ್ಮ ಎಮ್ಮೀನೂ ಹೊಡಕೊಂಡ ಹೋದಾರೋ ತಮ್ಮಾ." ಈ ಹೆದರಿಕೆಯನ್ನು ನಮ್ಮ ಎದೆಯಲ್ಲಿ ಬಿತ್ತಿದವರು ಯಾರು?

ಗೆಳೆಯರೆ, ಲೆಕ್ಕ ಬಿಡಿಸೋಣ. ಅಪ್ಪನ ಕಂಬಳಿ, ಅವ್ವನ ರೊಟ್ಟಿ ಹಂಚು, ಕಬ್ಬು ಕಡಿಯುವ ಕುಡಗೋಲು, ನಮ್ಮ ಟ್ರಂಕಿನ ನಾಲ್ಕು ಪುಸ್ತಕ. ಇವು ನಮ್ಮವು. ನಾವೇ ಹೊದೆಯುತ್ತೇವೆ, ನಾವೇ ಬಳಸುತ್ತೇವೆ. ಅಪ್ಪನ ಕಂಬಳಿ ಅಪ್ಪನನ್ನು ಬೆಚ್ಚಗಿಟ್ಟಿತು. ಇನ್ನೊಬ್ಬನನ್ನು ಚಳಿಯಲ್ಲಿ ದುಡಿಸಲಿಲ್ಲ. ಆದರೆ ಮನೆಮಂದಿಯ ಹೆಸರಿಗೆಲ್ಲ ಹಂಚಿಟ್ಟ ಐವತ್ತು ಎಕರೆ ಕಬ್ಬಿನ ಹೊಲ? ಅದರ ಒಡೆಯ ಉಳುವುದಿಲ್ಲ, ಕಡಿಯುವುದಿಲ್ಲ. ಹೊಲವಿಲ್ಲದವನು ಹೊಟ್ಟೆಗಾಗಿ ಅವನ ಅಂಗಳಕ್ಕೆ ಬಂದು ನಿಲ್ಲಲೇಬೇಕು. ಆ ಹೊಲ ಬೆಳೆಯುವುದು ಬರೀ ಕಬ್ಬನ್ನಲ್ಲ, ಬಾಗಿದ ಬೆನ್ನುಗಳನ್ನೂ. ಒಂದು ಸೈಕಲ್ ನಮ್ಮ ಕಾಲು. ಇಪ್ಪತ್ತು ಸೈಕಲ್ ಇಟ್ಟು ಬಾಡಿಗೆ ಎಣಿಸಿದರೆ ಅದು ಬಂಡವಾಳ. ಭೇದ ಇರುವುದು ಸಾಮಾನಿನಲ್ಲಲ್ಲ, ಅದನ್ನಿಟ್ಟುಕೊಂಡು ಯಾರು ಯಾರನ್ನು ದುಡಿಸುತ್ತಾರೆ ಅನ್ನುವುದರಲ್ಲಿ.

ಮೂಡಲಗಿ ಕಡೆಯ ಎರಿ ಹೊಲಕ್ಕೆ ಬಂಗಾರದ ಬೆಲೆ ತಂದದ್ದು ಯಾರು? ಧೂಪದಾಳದ ಒಡ್ಡಿನಿಂದ ಹೊರಟ ಘಟಪ್ರಭೆಯ ಎಡದಂಡೆ ಕಾಲುವೆ, ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು. ಸರಕಾರದ ದುಡ್ಡಿನಲ್ಲಿ ಬೆಂಕಿಪೊಟ್ಟಣ ಕೊಂಡ ನಮ್ಮವ್ವಂದಿರ ತೆರಿಗೆಯೂ ಇದೆ. ಮಣ್ಣು ಹೊತ್ತವರು ಕೂಲಿಗಳು. ನೀರು ಎಲ್ಲರದು, ನೀರಿನಿಂದ ಏರಿದ ಬೆಲೆ ಮಾತ್ರ ಹೊಲವಿದ್ದವನದು! ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಬೆಳೆದವನಿಗೆ ಷೇರು. ಕಡಿದವನಿಗೆ? ಕುಡಗೋಲು ಅವನದೇ, ಅಷ್ಟೇ.

ಆಸ್ತಿ ಪವಿತ್ರ ಅನ್ನುವವರು ಇತಿಹಾಸ ಓದಲಿ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಊರ ಚಾಕರಿಯ ನಮ್ಮ ಹಿರಿಯರಿಗೆ ವತನದ ತುಂಡು ಭೂಮಿ ಇತ್ತು. ಹೆಸರಿಗೆ ಭೂಮಿ, ಅಸಲಿಗೆ ಕೊರಳ ಹಗ್ಗ. ಹಗಲಿರುಳೆನ್ನದೆ ಕರೆದಾಗ ಓಡಬೇಕು. ಆ ಹಗ್ಗ ಕತ್ತರಿಸಲೆಂದೇ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ನಮ್ಮ ಕೈಗೆ ಬಂದಾಗ ಭೂಮಿ ಬೇಡಿ, ಅವರ ಕೈಯಲ್ಲಿದ್ದಾಗ ಭೂಮಿ ದೇವರು. ಇದ್ಯಾವ ನ್ಯಾಯ?

1974ರಲ್ಲಿ ತಿದ್ದಿದ ಭೂಸುಧಾರಣಾ ಕಾಯ್ದೆ ಉಳುವವನೇ ಒಡೆಯ ಅಂದಿತು. ಗೇಣಿದಾರನಿಗೆ ಹೊಲ ಬಂತು, ಒಳ್ಳೆಯದೇ. ಗೇಣಿಯೂ ಇಲ್ಲದ ಕೂಲಿಯವ ಕೂಲಿಯವನಾಗೇ ಉಳಿದ. 1978ರ ಕಾಯ್ದೆ, ಸರಕಾರ ನಮಗೆ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಅಪ್ಪಣೆಯಿಲ್ಲದೆ ಯಾರೂ ಕೊಳ್ಳಬಾರದು ಅಂದಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತೆಸೆದು, ನೇಗಿಲು ಮುಟ್ಟದ ಹಣವಂತನಿಗೂ ಹೊಲದ ಬಾಗಿಲು ತೆರೆದರು. ಆಗ "ಆಸ್ತಿ ಹೋಗತೈತಿ" ಅಂತ ಬೊಬ್ಬೆ ಹೊಡೆದವರು ಈ ಚಹಾದಂಗಡಿಯಲ್ಲಿ ಎಷ್ಟು ಮಂದಿ?

ನಮ್ಮನ್ನೂ ನಾವು ಬಿಡಬಾರದು. ಮನೆತನದಲ್ಲೇ ಮೊದಲ ಡಿಗ್ರಿ ಪಡೆದವರು ನಾವು. ನೌಕರಿ ಸಿಕ್ಕ ಮರುದಿನವೇ ಪ್ಲಾಟಿನ ಮಾತು ಬಾಯಿಗೆ ಬರುತ್ತದೆ. ಇರಲಿಕ್ಕೆ ಮನೆ ಬೇಕು. ಅದು ನಮ್ಮ ಹಕ್ಕು, ಅದನ್ನು ಯಾವ ಹೋರಾಟವೂ ಕೇಳುವುದಿಲ್ಲ. ಆದರೆ ಬೆಲೆ ಏರಲೆಂದು ಖಾಲಿ ಬಿಟ್ಟ ನಾಲ್ಕು ಪ್ಲಾಟು, ಮನೆಯಿಲ್ಲದ ನಾಲ್ಕು ಕುಟುಂಬದ ನೆಲ. ಕೇರಿಯಿಂದ ಹೊರಟವರು ವಾಡೆಗೆ ಸೇರಿಕೊಂಡರೆ ಅದು ಬಂಡಾಯವಲ್ಲ, ಬಡ್ತಿ.

ಹಳ್ಳಿಯ ಮಾಸ್ತರರೆ, ನಾಳೆ ಬೋರ್ಡಿನ ನಡುವೆ ಒಂದು ಗೆರೆ ಎಳೆಯಿರಿ. ಒಂದು ಕಡೆ ನಾವು ಬಳಸುವವು, ಇನ್ನೊಂದು ಕಡೆ ನಮ್ಮನ್ನು ಬಳಸುವವು. ಮಕ್ಕಳೇ ಬರೆಯಲಿ. ಕುಡಗೋಲು ಎಲ್ಲಿ, ಕಾರ್ಖಾನೆ ಎಲ್ಲಿ, ಅವರಿಗೆ ಗೊತ್ತು.

ಕೇರಿಯ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ: "ಯಪ್ಪಾ, ನಿನ್ನ ಎಮ್ಮಿ ನಾವು ಕೇಳಾಂಗಿಲ್ಲ. ಬಡ್ಡಿ ಬಾಕಿ ಅಂತ ನಿನ್ನ ಗ್ವಾದ್ಲ್ಯಾಗಿನ ಎಮ್ಮಿ ಬಿಚಗೊಂಡ ಹೋದಾಂವ ಯಾರು? ನೆನಪ ಮಾಡ್ಕೋ. ಅವನ ಹೊಲದ ಲೆಕ್ಕಾನ ನಾವು ಕೇಳಾಕತ್ತೀವಿ."