‘ಬರುತ್ತೆ ಬಿಡು’ ಎನ್ನುವವರಿಗೆ

ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಹಾಲು ಹಾಕದ ದಿನಕ್ಕೊಂದು ಗುರುತು, ಹೊಸ ಸಿಲಿಂಡರ್ ಹಚ್ಚಿದ ತಾರೀಕು, ಚೀಟಿ ದುಡ್ಡು ಕಟ್ಟುವ ದಿನಕ್ಕೊಂದು ಸುತ್ತು. ಇಷ್ಟು ಲೆಕ್ಕ ಇಡುವ ಗೃಹಿಣಿಯನ್ನು ‘ಕಳೆದ ಸಲ ಮುಟ್ಟಾಗಿದ್ದು ಯಾವತ್ತಮ್ಮ?’ ಎಂದು ಡಾಕ್ಟರು ಕೇಳಿದರೆ ಸಿಗುವ ಉತ್ತರ: ‘ಹಬ್ಬದ ಆಸುಪಾಸು ಇರಬೇಕು.’ ಯಾವ ಹಬ್ಬ ಎಂದರೆ ಅದೂ ನೆನಪಿಲ್ಲ. ಓದಿದವರು, ಕೆಲಸಕ್ಕೆ ಹೋಗುವವರು, ಕೈಯಲ್ಲಿ ಸದಾ ಮೊಬೈಲ್ ಹಿಡಿದವರ ಪಾಡೂ ಇದೇ. ಇದನ್ನು ಮುಗ್ಧತೆ ಎಂದು ಕರೆಯಲು ನಾನು ತಯಾರಿಲ್ಲ. ಇದು ಶುದ್ಧ ಉದಾಸೀನ.

ಈ ಉದಾಸೀನದ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ವೈದ್ಯರು ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಇಪ್ಪತ್ತೆಂಟು ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ತಿಂಗಳು ತಪ್ಪಿದ ದಿನವೇ 4 ವಾರ ತುಂಬಿರುತ್ತದೆ. ‘ಒಂದು ವಾರ ಲೇಟು ಅಷ್ಟೇ’ ಎನ್ನುವಾಗ 5 ವಾರ. ‘ಮುಂದಿನ ತಿಂಗಳು ನೋಡೋಣ’ ಎಂದು ಕೂತರೆ 8 ವಾರ. ಮಗುವಿನ ಮೆದುಳು, ಬೆನ್ನುಹುರಿ ಆಗಬೇಕಾದ ನರನಾಳ ಈ ಲೆಕ್ಕದ ಆರನೇ ವಾರದ ಹೊತ್ತಿಗೆ ಮುಚ್ಚಿಕೊಂಡು ಆಗಿರುತ್ತದೆ. ಅದಕ್ಕೆ ಬೇಕಾದ ಫೋಲಿಕ್ ಆಸಿಡ್ ಮಾತ್ರೆಯನ್ನು ಮೂರನೇ ತಿಂಗಳಲ್ಲಿ ಶುರುಮಾಡಿದರೆ ಆ ಕೆಲಸದ ಹೊತ್ತು ಮೀರಿರುತ್ತದೆ. ಮಗು ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಕಾಯುವಿಕೆ ಲಾಭ ತಂದದ್ದಿಲ್ಲ.

ಅನುಮಾನ ಬಂದರೆ ಪರೀಕ್ಷೆ ಮಾಡಿಕೊಳ್ಳುವುದಕ್ಕೆ ಏನು ಧಾಡಿ? ಕಿಟ್ ಮೆಡಿಕಲ್ ಶಾಪಿನಲ್ಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಆಶಾ ಕಾರ್ಯಕರ್ತೆಯ ಬಳಿ ‘ನಿಶ್ಚಯ್’ ಕಿಟ್ ಪುಕ್ಕಟೆ. ಬೆಳಗಿನ ಮೊದಲ ಮೂತ್ರದ ಮೂರು ಹನಿ, ಐದು ನಿಮಿಷದ ತಾಳ್ಮೆ, ಅಷ್ಟೇ. ‘ಸಿ’ ಎದುರಿನ ಗೆರೆ ಮೂಡದಿದ್ದರೆ ಕಿಟ್ ಕೆಟ್ಟಿದೆ ಎಂದರ್ಥ. ಹೇಳಿದ ಹೊತ್ತಿನೊಳಗೆ ‘ಟಿ’ ಎದುರು ಮಸುಕು ಗೆರೆ ಕಂಡರೂ ಅದು ಬಸಿರಿನ ಸೂಚನೆಯೇ. ‘ಅರ್ಧ ಗೆರೆ’ ಎಂದು ಸಮಾಧಾನ ಹೇಳಿಕೊಳ್ಳಬೇಡಿ. ಇನ್ನು ಕೆಲವರದು ತದ್ವಿರುದ್ಧ ಅವಸರ. ಕೂಡಿದ ನಾಲ್ಕನೇ ದಿನವೇ ಕಿಟ್ ತಂದು, ಒಂದೇ ಗೆರೆ ನೋಡಿ ನಿರಾಳರಾಗುತ್ತಾರೆ. ಅಷ್ಟು ಬೇಗ ಮೂತ್ರದಲ್ಲಿ ಬಸಿರಿನ ಎಚ್‌ಸಿಜಿ ಹಾರ್ಮೋನು ಕಾಣಿಸುವುದೇ ಇಲ್ಲ. ಮುಟ್ಟಿನ ದಿನ ದಾಟಿದ ಮೇಲೆ ನೋಡಿ. ಇಲ್ಲ ಎಂದು ಬಂದೂ ಮುಟ್ಟಾಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ತಾರೀಕೇ ಗೊತ್ತಿಲ್ಲದವರು ಕೂಡಿದ ದಿನದಿಂದ 21 ದಿನ ಎಣಿಸಿ.

‘ಸೇಫ್ ದಿನ’ ನಂಬುವ ಜಾಣರು ಇನ್ನೊಂದು ಗುಂಪು. ಅಂಡ ಬಿಡುಗಡೆಯಾಗುವುದು ಸುಮಾರಾಗಿ ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಮೊದಲು. ವೀರ್ಯಾಣು ಒಳಗೆ ಐದು ದಿನ ಬದುಕಬಲ್ಲದು. ಮುಂದಿನ ಮುಟ್ಟು ಯಾವಾಗ ಎಂದೇ ಗೊತ್ತಿಲ್ಲದವರು ಅದಕ್ಕೆ ಹದಿನಾಲ್ಕು ದಿನ ಮೊದಲು ಯಾವುದೆಂದು ಹೇಗೆ ಹೇಳುತ್ತಾರೆ?

ಎಲ್ಲಕ್ಕಿಂತ ಕೆಟ್ಟ ಚಾಳಿ ವೈದ್ಯರನ್ನು ಕೇಳದೆ ಮಾತ್ರೆ ನುಂಗುವುದು. ಮೊದಲು ಪಪ್ಪಾಯಿ, ಎಳ್ಳು ಬೆಲ್ಲ. ಆಮೇಲೆ ಮೆಡಿಕಲ್ ಶಾಪಿನ ಹುಡುಗನಿಗೆ ಪಿಸುಮಾತಿನಲ್ಲಿ ‘ಡೇಟ್ ಆಗೋಕೆ ಏನಾದ್ರೂ ಕೊಡಿ’. ಅವನು ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟದ್ದು ಗರ್ಭಪಾತದ ಮಾತ್ರೆಯೇ ಆಗಿರಬಹುದು. ಚೀಟಿಯಿಲ್ಲದೆ ಅದನ್ನು ಮಾರುವುದು ಕಾನೂನಿಗೆ ವಿರುದ್ಧ, ಹಾಗೆ ನುಂಗುವುದು ಜೀವದ ಜೊತೆ ಜೂಜು. ಬಸಿರು ಗರ್ಭಕೋಶದ ಬದಲು ನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಅದನ್ನು ತೆಗೆಯುವುದಿಲ್ಲ. ಸ್ವಲ್ಪ ರಕ್ತ ಕಂಡು ‘ಸದ್ಯ, ಆಯಿತು’ ಎಂದುಕೊಂಡವಳ ಒಳಗೆ ನಾಳ ಒಡೆಯಬಹುದು. ಮುಟ್ಟು ತಪ್ಪಿದ ಮೇಲೆ ಹೊಟ್ಟೆಯ ಒಂದು ಬದಿಗೆ ತೀವ್ರ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಂಡರೆ ಬೆಳಗಾಗುವವರೆಗೆ ಕಾಯುವಂತಿಲ್ಲ. 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆಯನ್ನು ತಿಂಗಳಿಗೆ ಮೂರು ಸಲ ನುಂಗಿ, ಮುಟ್ಟು ಏರುಪೇರಾಯಿತೆಂದು ಹಲುಬುವವರೂ ಇದ್ದಾರೆ. ಹೆಸರೇ ತುರ್ತು ಎಂದಿರುವಾಗ ಅದು ದಿನಬಳಕೆಯ ಉಪಾಯ ಹೇಗಾದೀತು?

ಇನ್ನು ಪರೀಕ್ಷೆಯಲ್ಲಿ ಬಸಿರಲ್ಲ ಎಂದು ತಿಳಿದ ಕೂಡಲೇ ಕಥೆ ಮುಗಿಯಿತೆಂದು ಎದ್ದುಹೋಗುವವರು. ಹಾಗಾದರೆ ಮುಟ್ಟು ಯಾಕೆ ಬರಲಿಲ್ಲ? ಥೈರಾಯ್ಡ್, ಪಿಸಿಓಎಸ್, ಪ್ರೊಲ್ಯಾಕ್ಟಿನ್ ಏರಿಕೆ, ಹಟದ ಡಯಟ್, ನಿದ್ದೆಗೆಟ್ಟ ಒತ್ತಡ, ನಲವತ್ತು ದಾಟಿದವರಲ್ಲಿ ಮುಟ್ಟು ನಿಲ್ಲುವ ಕಾಲದ ಮುನ್ಸೂಚನೆ, ಹೀಗೆ ಕಾರಣ ಹತ್ತಾರು. ತಾಯಂದಿರು ಇದಕ್ಕೆಲ್ಲ ಒಂದೇ ಕಾರಣ, ಒಂದೇ ಮದ್ದು ಇಟ್ಟುಕೊಂಡಿದ್ದಾರೆ: ‘ಬಾಡಿ ಹೀಟ್ ಆಗಿದೆ, ಮದುವೆಯಾದರೆ ಸರಿಹೋಗುತ್ತೆ.’ ತಾಳಿ ಕಟ್ಟಿದರೆ ಪಿಸಿಓಎಸ್ ಗುಣವಾಗುವುದಿಲ್ಲ. ಅದರಿಂದ ತಿಂಗಳುಗಟ್ಟಲೆ ಮುಟ್ಟಾಗದೆ ಉಳಿದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗಬಹುದು. ವರ್ಷಗಳು ಕಳೆದರೆ ಅದು ಕ್ಯಾನ್ಸರಿಗೂ ದಾರಿಯಾಗಬಹುದು. ಮೈನೆರೆದ ಮೊದಲ ಒಂದೆರಡು ವರ್ಷ ಹುಡುಗಿಯರಲ್ಲಿ ಹಿಂದುಮುಂದಾಗುವುದು ಸಹಜ. ಹದಿನೈದು ತುಂಬಿದರೂ ಮೈನೆರೆಯದಿದ್ದರೆ ಸಹಜವಲ್ಲ.

ಹೆಂಗಸರನ್ನಷ್ಟೇ ಬೈದು ಕೂರುವಂತಿಲ್ಲ. ಕಾಂಡೋಮ್ ಬೇಡವೆನ್ನುವಾಗ ಮುಂದಿದ್ದು, ತಿಂಗಳು ತಪ್ಪಿದಾಗ ‘ನೀನೇ ನೋಡ್ಕೋ’ ಎನ್ನುವ ಗಂಡಸಿಗೆ ನಾಚಿಕೆಯಾಗಬೇಕು. ಹುಡುಗಿ ಬಾಯಿ ತೆರೆಯುವ ಮೊದಲೇ ‘ಮದುವೆ ಆಗಿದೆಯಾ?’ ಎಂದು ಕಣ್ಣು ಕಿರಿದು ಮಾಡುವ ಆಸ್ಪತ್ರೆ ಸಿಬ್ಬಂದಿಯೇ ಅವಳನ್ನು ಮೆಡಿಕಲ್ ಶಾಪಿನ ಹುಡುಗನ ಬಳಿಗೆ ಅಟ್ಟುತ್ತಿದ್ದಾರೆ. ಕಾನೂನು ಇವರಿಗಿಂತ ಮುಂದಿದೆ. 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಗರ್ಭನಿರೋಧಕ ಕೈಕೊಟ್ಟದ್ದೂ ಸೇರಿ ಕಾಯ್ದೆ ಹೇಳಿದ ಕಾರಣಗಳಿಗೆ 20 ವಾರದವರೆಗಿನ ಗರ್ಭಪಾತಕ್ಕೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ಮದುವೆಯಾಗಿರಬೇಕೆಂಬ ಷರತ್ತಿಲ್ಲ. ಹದಿನೆಂಟು ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಬೇಕು, ಗಂಡನದೂ ಅಪ್ಪನದೂ ಅಲ್ಲ. ಅವಳ ಹೆಸರು ಬಯಲು ಮಾಡುವುದು ಅಪರಾಧ.

ಆದ್ದರಿಂದ ನೆಪ ಸಾಕು. ಮುಟ್ಟಾದ ಮೊದಲ ದಿನವನ್ನು ಪ್ರತಿ ತಿಂಗಳೂ ಬರೆದಿಡಿ. ಬಸಿರಿನ ಸಾಧ್ಯತೆ ಇದ್ದು ಮುಟ್ಟಿನ ದಿನ ದಾಟಿದರೆ ಪರೀಕ್ಷೆ ಮಾಡಿ. ಬಸಿರಲ್ಲದಿದ್ದೂ ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರ ಎದುರು ಕೂರಿ, ನಿಜ ಹೇಳಿ. ಇಷ್ಟನ್ನು ಮಾಡಲು ದುಡ್ಡೂ ಹೆಚ್ಚು ಬೇಡ, ಓದೂ ಹೆಚ್ಚು ಬೇಡ. ಮಾಡದೆ ಕೂತು ಆಮೇಲೆ ಹಣೆಬರಹವನ್ನು ಹಳಿಯಬೇಡಿ.