ಹೊಲದಲ್ಲಿದ್ದ ಹಿರಿಮಗ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ನಮ್ಮ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಯೆಲ್ಲ ಅದೇ ಜಿಲ್ಲೆಗೆ ಸೇರಿತ್ತು. ಅವರೂ ವಿಲಿಯಂ ರೀವ್ ಅವರೂ ಬೈಬಲ್ಲನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಗ್ರಂಥ ಅಚ್ಚಾಗಿತ್ತು. ಅದರಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯಕ್ಕೆ ಬಂದರೆ ನಮ್ಮ ಸೀಮೆಯ ತೆಲಿಗಿ ಊರಿನ ಯಾವುದೋ ಒಕ್ಕಲು ಮನೆಯ ಅಂಗಳಕ್ಕೆ ಬಂದಂತಾಗುತ್ತದೆ.

ಅಲ್ಲಿ ಯೇಸು ಹೇಳುವ ಕತೆಯಲ್ಲಿ ಅಪ್ಪ ಬದುಕಿರುವಾಗಲೇ ಕಿರಿಮಗ ಪಾಲು ಕೇಳುತ್ತಾನೆ. ಪರಸ್ಥಳದಲ್ಲಿ ಅದನ್ನು ಹಾಳುಮಾಡಿ, ಬರ ಬಿದ್ದಾಗ ಹಂದಿ ಕಾಯಲು ನಿಲ್ಲುತ್ತಾನೆ. ಹಸಿವು ತಾಳದೆ ಊರ ದಾರಿ ಹಿಡಿದವನು, ಕೂಲಿಯವನಂತಾದರೂ ಇಟ್ಟುಕೋ ಎಂದು ಕೇಳುವುದಕ್ಕೆ ಮಾತು ಜೋಡಿಸಿಕೊಂಡಿದ್ದಾನೆ. ಅಪ್ಪ ದೂರದಿಂದಲೇ ಕಂಡು ಓಡಿಬಂದು ತಬ್ಬಿಕೊಳ್ಳುತ್ತಾನೆ. ಆ ಕೋರಿಕೆ ಬಾಯಿಗೆ ಬರುವಷ್ಟರಲ್ಲಿ ಒಳ್ಳೆಯ ಅಂಗಿ, ಉಂಗುರ, ಕಾಲಿಗೆ ಕೆರ. ಖರ್ಚಿನ ಲೆಕ್ಕ ಕೇಳುವುದಿಲ್ಲ. ಪಾಪಿಯ ಮೇಲೆ ದೇವರಿಗಿರುವ ಪ್ರೀತಿ ಇಂಥದ್ದು ಎನ್ನುವುದು ಕ್ರೈಸ್ತರ ನಂಬಿಕೆ.

ಪ್ರವಚನಗಳಲ್ಲಿ ಕತೆ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. ನನ್ನ ವಕಾಲತ್ತು ಹಿರಿಮಗನ ಪರ. ಅವನು ಹೊಲದಿಂದ ಬರುತ್ತಿದ್ದಾನೆ. ಹಾಡು ಕುಣಿತದ ಸದ್ದು ಕೇಳಿ, ತನ್ನ ಮನೆಯಲ್ಲೇ ಏನು ನಡೆದಿದೆಯೆಂದು ಆಳಿನಿಂದ ತಿಳಿಯಬೇಕಾಗಿದೆ. ಕರೆಯಲು ಯಾರೂ ಹೊಲಕ್ಕೆ ಹೋದಂತಿಲ್ಲ! ಇಷ್ಟು ವರ್ಷ ದುಡಿದರೂ ಗೆಳೆಯರ ಜೊತೆ ಉಣ್ಣಲು ತನಗೊಂದು ಆಡಿನ ಮರಿ ಸಿಗಲಿಲ್ಲ, ಹಾಳುಮಾಡಿ ಬಂದವನಿಗೆ ಕೊಬ್ಬಿದ ಕರು ಎಂದು ಸಿಡಿಯುತ್ತಾನೆ. ತಮ್ಮ ಗುಳೆ ಹೋದಾಗ ಊರಲ್ಲುಳಿದು ಮೆಕ್ಕೆಜೋಳದ ಹೊಲ, ಸೊಸೈಟಿ ಸಾಲ, ವಯಸ್ಸಾದ ತಂದೆತಾಯಿ ಎಲ್ಲವನ್ನೂ ನೋಡಿಕೊಂಡ ನಮ್ಮ ಕಡೆಯ ಅಣ್ಣನಾದರೆ ಇನ್ನೊಂದು ಮಾತೂ ಕೇಳುತ್ತಿದ್ದ: ಉಳಿದದ್ದರಲ್ಲಿ ಇವನಿಗೆ ಮತ್ತೆ ಪಾಲೇನು?

ಯೇಸು ಈ ಕತೆ ಹೇಳಿದ್ದು ಸುಂಕದವರ, ಪಾಪಿಗಳ ಜೊತೆ ಕೂತು ಉಣ್ಣುತ್ತಾನೆಂದು ಗೊಣಗಿದ ನೇಮಸ್ಥರಿಗೆ. ಗೊಣಗುವುದು ಸುಲಭ, ಒಪ್ಪುವುದು ಕಷ್ಟ. ಹಸುಗಳನ್ನು ಹೊಡೆದುಕೊಂಡು ಹೋದ ಕಳ್ಳರ ಹಿಂದೆ ಬಸವಣ್ಣ ಕರುಗಳನ್ನೂ ಕಳಿಸಿದ ಕತೆಯನ್ನು ನಾವು ಕೊಂಡಾಡುತ್ತೇವೆ. ಹಸು ನಮ್ಮವಲ್ಲವಲ್ಲ.

ಸಿಟ್ಟಾಗಿ ಹೊರಗೇ ನಿಂತ ಹಿರಿಯನನ್ನು ಕರೆಯಲೂ ಅಪ್ಪನೇ ಬರುತ್ತಾನೆ. ಈ ಅಪ್ಪನಿಗೆ ಮನೆಯೊಳಗೆ ಕೂತು ಗೊತ್ತಿಲ್ಲ. ತನ್ನದೆಲ್ಲವೂ ಹಿರಿಯನದೇ ಎಂದು ಅವನು ಹೇಳುವಾಗ ಪಾಲಿನ ಪ್ರಶ್ನೆಯೂ ತೀರಿತು: ಕಿರಿಯನಿಗೆ ಮನೆ ಸಿಕ್ಕಿತು, ಹೊಲ ಸಿಗಲಿಲ್ಲ. ಆದರೂ ಹಿರಿಯನ ಸಿಟ್ಟು ಇಳಿಯಿತೆಂದು ಲೂಕ ಬರೆದಿಲ್ಲ. ಅವನು ಕೇಳಿದ್ದು ಆಡಿನ ಮರಿಯ ಮಾತು, ಹೊಲದ್ದಲ್ಲ.